ವರದ ಬೇಲಿ, ಮಂತ್ರದ ಬಾಣ: ಕಿಷ್ಕಿಂಧೆಯ ಕಥನಗಳಲ್ಲಿ ರಕ್ಷಣೆಯ ನಿಯಮಗಳು

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಹನುಮನಹಳ್ಳಿಯು ತುಂಗಭದ್ರೆಯ ಉತ್ತರ ದಂಡೆಯ ಮೇಲಿರುವ ಒಂದು ಚಿಕ್ಕ ಗ್ರಾಮ. ಸುತ್ತಲೂ ಬಂಡೆಗಲ್ಲುಗಳ ಗುಡ್ಡಗಳು, ನಡುವೆ ಭತ್ತದ ಗದ್ದೆ ಮತ್ತು ಬಾಳೆಯ ತೋಟಗಳು. ಇಲ್ಲಿನ ಪ್ರತಿಯೊಂದು ಗುಡ್ಡಕ್ಕೂ ರಾಮಾಯಣದ ಒಂದು ಹೆಸರಿದೆ. ಆಂಜನೇಯನ ಜನ್ಮಸ್ಥಳವೆಂದು ಜನ ನಂಬಿರುವ ಅಂಜನಾದ್ರಿ ಹತ್ತಿರದಲ್ಲಿದೆ. ಋಷ್ಯಮೂಕವೆಂದು ತೋರಿಸುವ ಗುಡ್ಡವೂ ಇದೆ. ಆನೆಗೊಂದಿಯ ಕಡೆಗೆ ಹೋದರೆ ವಾಲಿಯ ಗುಹೆ. ಹೊಳೆಯಾಚೆ, ಇಂದಿನ ವಿಜಯನಗರ ಜಿಲ್ಲೆಯಲ್ಲಿ, ಮತಂಗ ಪರ್ವತ ಮತ್ತು ಮಾಲ್ಯವಂತ ಇವೆ. ನಿಂಬಾಪುರದ ಬಳಿಯ ಪ್ರಾಗೈತಿಹಾಸಿಕ ಬೂದಿದಿಬ್ಬವನ್ನು ವಾಲಿಯ ದಹನದ ಬೂದಿ ಎಂದೇ ಜನ ಕರೆಯುತ್ತಾರೆ. ಕಥೆಯು ಇಲ್ಲಿ ಭೂಗೋಳವಾಗಿದೆ ಎನ್ನುವುದು ಸರ್ವವಿದಿತವಾದುದರಿಂದ ಅದನ್ನು ವಿಸ್ತರಿಸುವುದಿಲ್ಲ.

ಈ ಭಾಗದಲ್ಲಿ ಕ್ಷೇತ್ರಕಾರ್ಯ ಕೈಗೊಂಡಾಗ ವಾಲಿವಧೆಯ ಪ್ರಸಂಗವನ್ನು ಹೇಳುತ್ತಿದ್ದ ಹಿರಿಯರೊಬ್ಬರನ್ನು ನಾನು, ಪುಸ್ತಕದಲ್ಲಿ ಓದಿಕೊಂಡು ಬಂದವರು ಕೇಳುವ ಪ್ರಶ್ನೆಯನ್ನೇ ಕೇಳಿದ್ದೆ: ರಾಮನಂಥವನು ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ನ್ಯಾಯವೇ? ಅವರ ಉತ್ತರದಲ್ಲಿ ಧರ್ಮಾಧರ್ಮದ ಮಾತೇ ಇರಲಿಲ್ಲ. "ಏ ತಮ್ಮಾ, ಎದುರಿಗೆ ನಿಂತ್ರ ಅರ್ಧ ಬಲ ವಾಲಿಗೆ ಹೊಕ್ಕಿತ್ತಲ್ಲೋ. ಮತ್ತ ಹೆಂಗ ನಿಂದರಬೇಕು ಅವ?" ಎಂದರು. ಕೇಳಿದ್ದು ನೀತಿಯ ಪ್ರಶ್ನೆ, ಬಂದದ್ದು ನಿಯಮದ ಉತ್ತರ. ವಾಲಿಗೊಂದು ವರವಿದೆ, ಆ ವರಕ್ಕೊಂದು ಷರತ್ತಿದೆ, ಷರತ್ತು ಪೂರೈಸದಿದ್ದರೆ ವರ ಕೆಲಸ ಮಾಡುವುದಿಲ್ಲ. ಆದ್ದರಿಂದ ರಾಮ ಮರೆಯಲ್ಲಿ ನಿಂತ.

ಈ ಬಗೆಯ ಉತ್ತರಗಳನ್ನು ನಮ್ಮ ಜಾನಪದ ಅಧ್ಯಯನವು ಸಾಕಷ್ಟು ಗಂಭೀರವಾಗಿ ಪರಿಗಣಿಸಿಲ್ಲ. ವರ, ಶಾಪ, ಕವಚ, ತಾಯತ, ಅಸ್ತ್ರ, ಮಾಯೆ ಇವೆಲ್ಲವನ್ನೂ 'ಅತಿಮಾನುಷ ಅಂಶಗಳು' ಎಂಬ ಒಂದೇ ಶೀರ್ಷಿಕೆಯಡಿ ಪಟ್ಟಿ ಮಾಡಿ ಮುಂದೆ ಸಾಗುವುದು ರೂಢಿ. ಸ್ಟಿತ್ ಥಾಂಪ್ಸನ್ನರ ಆಶಯಸೂಚಿಯಲ್ಲಿ ಮಾಂತ್ರಿಕ ಅಭೇದ್ಯತೆಗೆ ಡಿ 1840 ಎಂಬ ಸಂಖ್ಯೆಯಿದೆ. ದೇಹದ ಹೊರಗಿರಿಸಿದ ಪ್ರಾಣಕ್ಕೆ ಇ 710. ಒಂದು ಜಾಗದಲ್ಲಿ ಮಾತ್ರ ಭೇದ್ಯವಾದ ಶರೀರಕ್ಕೆ ಝಡ್ 311. ಸೂಚಿಯು ಬಿಡಿಬಿಡಿ ವಸ್ತುಗಳನ್ನು ಗುರುತಿಸಲು ನೆರವಾಗುತ್ತದೆ. ಆದರೆ ಅಭೇದ್ಯನಾದವನ ಮೇಲೆ ಅಮೋಘವಾದ ಅಸ್ತ್ರವನ್ನು ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಅಲ್ಲಿ ಸಂಖ್ಯೆಯಿಲ್ಲ. ಕಥೆಗಾರನ ಬುದ್ಧಿಯೆಲ್ಲ ಖರ್ಚಾಗುವುದು ಅಲ್ಲಿಯೇ. ರಕ್ಷಣೆಯೂ ಮಂತ್ರವೂ ಮುಖಾಮುಖಿಯಾದಾಗ ಫಲವನ್ನು ತೀರ್ಮಾನಿಸುವ ನಿಯಮಗಳು ಕಿಷ್ಕಿಂಧೆಯ ಕಥನಗಳಲ್ಲಿವೆ ಎಂಬುದನ್ನೂ, ಆ ನಿಯಮಗಳು ಬದಲಾದಾಗ ಪಾತ್ರಗಳ ಮೇಲಿನ ತಪ್ಪಿನ ಹೊರೆಯೂ ಸ್ಥಳಾಂತರವಾಗುತ್ತದೆ ಎಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಒಂದು ಅನಿರೀಕ್ಷಿತ ತೌಲನಿಕ ಸಾಮಗ್ರಿಯನ್ನು ಬಳಸಿಕೊಳ್ಳುತ್ತಿದ್ದೇನೆ. ಮೇಜಿನ ಸುತ್ತ ಕುಳಿತು, ಕಾಗದ ಪೆನ್ಸಿಲು ದಾಳಗಳೊಂದಿಗೆ, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು ಆಡುವ ಆಟಗಳ ಪರಂಪರೆಯೊಂದು ಅಮೆರಿಕದಲ್ಲಿ ಹುಟ್ಟಿ ಈಗ ಲೋಕವ್ಯಾಪಿಯಾಗಿದೆ. ಅದರ ಮೂಲಗ್ರಂಥ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಕಥೆಯನ್ನು ನಡೆಸುವವನಿಗೆ 'ಡಂಜನ್ ಮಾಸ್ಟರ್' ಎಂದು ಹೆಸರು. ನಮ್ಮ ಆಟಗಳ ಭಾಗವತನಿಗೂ ನ್ಯಾಯಾಧೀಶನಿಗೂ ನಡುವಿನ ಸ್ಥಾನ ಅವನದು. ಈ ಆಟದ ನಿಯಮಗ್ರಂಥಗಳ ಬಹುಭಾಗ ಮೀಸಲಾಗಿರುವುದು ನಮ್ಮ ಪ್ರಶ್ನೆಗೇ: ಒಬ್ಬನು ಮಂತ್ರ ಬಿಟ್ಟಾಗ ಇನ್ನೊಬ್ಬನ ರಕ್ಷಣೆ ಎಷ್ಟರಮಟ್ಟಿಗೆ, ಯಾವ ಹಂತದಲ್ಲಿ, ಯಾವುದರ ವಿರುದ್ಧ ಕೆಲಸ ಮಾಡುತ್ತದೆ?

ಆಟದ ಉತ್ತರಗಳು ಹಲವು ಬಗೆಯವು. ಉಕ್ಕಿನ ಕವಚ ಕತ್ತಿಯ ಏಟನ್ನು ತಡೆದೀತು. ಬೆಂಕಿಯ ಗೋಳವನ್ನು ಎಸೆಯುವ ಮಂತ್ರದ ಮುಂದೆ ಅದರಿಂದ ಪ್ರಯೋಜನವಿಲ್ಲ, ಅಲ್ಲಿ ಚುರುಕಾಗಿ ಪಕ್ಕಕ್ಕೆ ಹಾರುವ ಶಕ್ತಿ ಬೇಕು. ಇದನ್ನು 'ಸೇವಿಂಗ್ ಥ್ರೋ' ಎನ್ನುತ್ತಾರೆ. ಅಂದರೆ, ಮಂತ್ರ ತಾಗಿದ ಮೇಲೂ ಪಾರಾಗಲು ಹಾಕುವ ದಾಳ. ಹಾರಿದವನಿಗೂ ಅರ್ಧ ಸುಡುತ್ತದೆ. ಆದರೆ ಕೆಲವು ಪಾತ್ರಗಳಿಗೆ 'ಇವೇಷನ್' ಎಂಬ ವಿಶೇಷ ಕೌಶಲವಿದ್ದು, ಅವರು ಗೆದ್ದರೆ ಕೂದಲೂ ಕೊಂಕುವುದಿಲ್ಲ. 'ಶೀಲ್ಡ್' ಎಂಬ ರಕ್ಷಾಮಂತ್ರವು 'ಮ್ಯಾಜಿಕ್ ಮಿಸೈಲ್' ಎಂಬ, ಗುರಿತಪ್ಪದ ಮಂತ್ರಬಾಣವನ್ನು ಪೂರ್ತಿಯಾಗಿ ನಿಷ್ಫಲಗೊಳಿಸುತ್ತದೆ. ನಾಗಪಾಶಕ್ಕೆ ಗರುಡನಿದ್ದಂತೆ, ಹೆಸರು ಹಿಡಿದು ಹೇಳಿದ ಪ್ರತಿಕಾರವಿದು. ಇನ್ನು 2003ರ ಪರಿಷ್ಕೃತ ಪಾಠದಲ್ಲಿ ಕೆಲವು ಜೀವಿಗಳಿಗೆ ಮಂತ್ರನಿರೋಧದ ಒಂದು ಅಂಕವಿದೆ. ಮಾಂತ್ರಿಕನು ಇಪ್ಪತ್ತು ಮುಖದ ದಾಳ ಉರುಳಿಸಿ, ತನ್ನ ಸಿದ್ಧಿಯ ಮಟ್ಟವನ್ನು ಕೂಡಿಸಿ, ಆ ಅಂಕವನ್ನು ಮುಟ್ಟದಿದ್ದರೆ ಮಂತ್ರ ತಾಗುವುದೇ ಇಲ್ಲ. ಆದರೆ ಅದೇ ಪಾಠದಲ್ಲಿ, ಮಂತ್ರದಿಂದ ಹುಟ್ಟಿದ ಆಮ್ಲದ ಬಾಣಕ್ಕೆ ಈ ನಿರೋಧ ಅನ್ವಯಿಸುವುದಿಲ್ಲ. ಹುಟ್ಟಿಸಿದ್ದು ಮಂತ್ರವಾದರೂ ಸುಡುವುದು ಆಮ್ಲ.

ಈ ಆಟದಲ್ಲಿ ನಮ್ಮವನೇ ಆದ ಪಾತ್ರವೊಂದಿದೆ: ರಾಕ್ಷಸ. 1977ರ 'ಮಾನ್‌ಸ್ಟರ್ ಮ್ಯಾನ್ಯುಯಲ್' ಗ್ರಂಥದಲ್ಲಿ ಅವನು ಇದೇ ಹೆಸರಿನಿಂದ ಕಾಣಿಸಿಕೊಳ್ಳುತ್ತಾನೆ. ಎಂಟನೆಯ ದರ್ಜೆಗಿಂತ ಕೆಳಗಿನ ಮಂತ್ರಗಳು ಅವನಿಗೆ ತಾಗವು. ಸಾಧಾರಣ ಆಯುಧ ನಾಟದು. ಆದರೆ ದೇವರ ಸೇವಕನೊಬ್ಬ ಹರಸಿಕೊಟ್ಟ ಅಡ್ಡಬಿಲ್ಲಿನ ಬಾಣ ನೆಟ್ಟರೆ ಸಾಯುತ್ತಾನೆ. ತನ್ನನ್ನು ನೋಡುವವರಿಗೆ ಅವನು ಅವರ ಆಪ್ತರ ರೂಪದಲ್ಲಿ ಕಾಣಿಸಿಕೊಳ್ಳಬಲ್ಲ. ಬಾಣದ ಈ ಅಂಶವಾಗಲಿ ಆಪ್ತರೂಪದ ಮೋಸವಾಗಲಿ ನೇರವಾಗಿ ನಮ್ಮ ಪುರಾಣದಿಂದ ಹೋದದ್ದಲ್ಲ. 'ಕೋಲ್ಚಾಕ್: ದ ನೈಟ್ ಸ್ಟಾಕರ್' ಎಂಬ ಅಮೆರಿಕದ ದೂರದರ್ಶನ ಸರಣಿಯ 1974ರ ಒಂದು ಕಂತಿನಲ್ಲಿ ಇವೆರಡೂ ಇವೆ. 2003ರಲ್ಲಿ ಅವನ ಮಂತ್ರನಿರೋಧದ ಅಂಕ 27. 2014ರ ಪಾಠದಲ್ಲಿ ಆರನೆಯ ದರ್ಜೆಯವರೆಗಿನ ಮಂತ್ರಗಳು ಅವನು ಒಪ್ಪದ ಹೊರತು ತಾಗವು. ರಾಕ್ಷಸ ಒಬ್ಬನೇ, ಪಾಠಗಳು ಹಲವು. ಪಾಠಾಂತರಗಳನ್ನು ಕಂಡು ಹೆದರದ ನಾವು ಇದನ್ನು ಕಂಡು ನಗಬೇಕಾಗಿಲ್ಲ.

ಈ ಪ್ರಶ್ನೆಗಳನ್ನಿಟ್ಟುಕೊಂಡು ಕಿಷ್ಕಿಂಧೆಗೆ ಮರಳೋಣ. ಮೊದಲನೆಯದು ಋಷ್ಯಮೂಕ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ವಾಲಿಯು ದುಂದುಭಿಯನ್ನು ಕೊಂದು ಹೆಣವನ್ನು ಎಸೆದಾಗ ರಕ್ತದ ಹನಿಗಳು ಮತಂಗ ಮುನಿಯ ಆಶ್ರಮದಲ್ಲಿ ಬೀಳುತ್ತವೆ. ಮುನಿಯ ಶಾಪ: ಇದನ್ನು ಮಾಡಿದವನು ಇಲ್ಲಿ ಕಾಲಿಟ್ಟರೆ ಸಾಯಲಿ, ಅವನ ಕಡೆಯ ವಾನರರು ನಾಳೆಯ ಮೇಲೆ ಇಲ್ಲಿ ಕಂಡರೆ ಕಲ್ಲಾಗಲಿ. ವಾಲಿಗೆ ಶಾಪವಾದದ್ದು ಸುಗ್ರೀವನಿಗೆ ಕೋಟೆಯಾಯಿತು. ಈ ರಕ್ಷಣೆ ವ್ಯಕ್ತಿಗೆ ಅಂಟಿದ್ದಲ್ಲ, ನೆಲಕ್ಕೆ ಅಂಟಿದ್ದು. ಗುಡ್ಡ ಇಳಿದರೆ ಸುಗ್ರೀವ ಮತ್ತೆ ಬರಿಗೈಯವನು.

ಈ ಬೇಲಿಯ ಸಂದು ಎಲ್ಲಿದೆ ಎಂಬುದನ್ನು ಕಾವ್ಯವೇ ತೋರಿಸುತ್ತದೆ. ಬಿಲ್ಲು ಹಿಡಿದ ಇಬ್ಬರು ಅಪರಿಚಿತರು ಪಂಪೆಯ ದಡದಲ್ಲಿ ಕಂಡಾಗ ಸುಗ್ರೀವ ನಡುಗಿ, ಇವರು ವಾಲಿ ಕಳಿಸಿದವರೇ ಎಂದು ಶಿಖರದಿಂದ ಶಿಖರಕ್ಕೆ ಓಡುತ್ತಾನೆ. ವಾಲಿ ಇಲ್ಲಿಗೆ ಬರಲಾರನಲ್ಲ, ಭಯವೇಕೆ ಎಂದು ಹನುಮಂತ ಸಮಾಧಾನ ಹೇಳುತ್ತಾನೆ. ಇಬ್ಬರೂ ಒಂದೇ ಶಾಪವಾಕ್ಯವನ್ನು ಓದುತ್ತಿದ್ದಾರೆ. ಹನುಮಂತ ಓದುವುದು 'ವಾಲಿ' ಎಂಬ ಪದವನ್ನು. ಸುಗ್ರೀವ ಓದುವುದು ಅಲ್ಲಿ ಹೇಳದೆ ಬಿಟ್ಟಿದ್ದನ್ನು. ಶಾಪವು ವಾಲಿಯನ್ನೂ ಅವನ ವಾನರರನ್ನೂ ತಡೆದಿದೆ. ಬಾಡಿಗೆಗೆ ಬಂದ ಮನುಷ್ಯರ ವಿಷಯವನ್ನು ಮತಂಗರು ಹೇಳಿಲ್ಲ. ಸುಗ್ರೀವನನ್ನು ಪುಕ್ಕಲನೆಂದು ಹಾಸ್ಯ ಮಾಡುವ ಪರಿಪಾಠವಿದೆ. ನನ್ನ ಮಟ್ಟಿಗೆ ಆ ಗುಡ್ಡದ ಮೇಲೆ ನಿಯಮವನ್ನು ಸರಿಯಾಗಿ ಓದಿದವನು ಅವನೊಬ್ಬನೇ.

ಎರಡನೆಯದು ವಾಲಿಯ ಬಲ. ಎದುರಾಳಿಯ ಅರ್ಧ ಬಲ ವಾಲಿಗೆ ಸೇರುತ್ತದೆ ಎಂಬ ವರ ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿಲ್ಲ. ಅಲ್ಲಿ ಇರುವುದು ಇಂದ್ರ ಕೊಟ್ಟ ಕಾಂಚನಮಾಲೆ. ಬಾಣ ನೆಟ್ಟು ಬಿದ್ದ ಮೇಲೂ ವಾಲಿಯ ಪ್ರಾಣವನ್ನೂ ತೇಜಸ್ಸನ್ನೂ ಹಿಡಿದಿಟ್ಟದ್ದು ಆ ಮಾಲೆ. ಸಾಯುವ ಮುನ್ನ ಅವನು ಅದನ್ನು ಸುಗ್ರೀವನಿಗೆ ಕೊಡುತ್ತಾನೆ. ತಾನು ಸತ್ತ ಮೇಲೆ ತೆಗೆದರೆ ಅದರಲ್ಲಿನ ಶ್ರೀ ಹೊರಟುಹೋಗುತ್ತದೆ ಎಂಬುದು ಅವನ ಕಾರಣ. ಸೂತಕ ತಾಗಿದರೆ ತಾಯತದ ಶಕ್ತಿ ಹೋಗುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದೂ ಇದೇ ನಿಯಮದ ಮನೆಬಳಕೆಯ ರೂಪ. ಮಾಲೆಯು ಬಾಣವನ್ನು ತಡೆಯಲಿಲ್ಲವೆಂಬುದನ್ನು ಗಮನಿಸಬೇಕು. ಅದು ಗಾಯವನ್ನು ತಡೆಯುವ ರಕ್ಷಣೆಯಲ್ಲ, ಗಾಯವಾದ ಮೇಲೆ ಸಾವನ್ನು ಮುಂದೂಡುವ ರಕ್ಷಣೆ. ಹಾಗೆ ಮುಂದೂಡಿದ್ದರಿಂದಲೇ ವಾಲಿಗೆ ಮಾತನಾಡಲು ಸಮಯ ಸಿಕ್ಕಿತು. ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ಅವನು ರಾಮನನ್ನು ದೂರಿದ್ದೂ, ರಾಮನು ತಮ್ಮನ ಹೆಂಡತಿಯ ವಿಚಾರ, ರಾಜದಂಡ, ಬೇಟೆಯ ನ್ಯಾಯ ಎಂದೆಲ್ಲ ಉತ್ತರಿಸಬೇಕಾಗಿ ಬಂದದ್ದೂ ಆ ಸಮಯದಲ್ಲಿಯೇ.

ಅರ್ಧ ಬಲದ ವರವನ್ನು ಸೇರಿಸಿದಾಗ ಈ ವಾದವಿವಾದದ ತೂಕವೇ ಬದಲಾಗುತ್ತದೆ. ಮರೆಯಲ್ಲಿ ನಿಲ್ಲುವುದು ಆಯ್ಕೆಯಾಗಿ ಉಳಿಯದೆ ಅನಿವಾರ್ಯವಾಗುತ್ತದೆ. ರಾಮನ ಮೇಲಿನ ಆರೋಪ ವರ ಕೊಟ್ಟ ದೇವತೆಯ ಕಡೆಗೆ ಜರುಗುತ್ತದೆ. ಇದು ದೇವರನ್ನು ಕಾಪಾಡಲು ಭಕ್ತರು ಹಚ್ಚಿದ ತೇಪೆ ಎಂದು ವಿದ್ವಾಂಸರು ಹೇಳಬಹುದು. ಭಾಗಶಃ ನಿಜವೂ ಹೌದು. ಆದರೆ ತೇಪೆ ಹಚ್ಚಿದವರು ಅದರ ಪರಿಣಾಮಗಳನ್ನು ಕೊನೆಯವರೆಗೂ ಎಣಿಸಿದ್ದಾರೆ. ಹಾಗಾದರೆ ಸುಗ್ರೀವ ಎದುರಿಗೇ ನಿಂತು ಕಾದಿದನಲ್ಲ ಎಂದು ಕೇಳಿದರೆ, ಅದಕ್ಕೇ ಅವನು ಪೆಟ್ಟು ತಿಂದು ಓಡಿಬಂದದ್ದು ಎಂಬ ಉತ್ತರ ಸಿದ್ಧವಾಗಿರುತ್ತದೆ. ವರವು ಯಾವಾಗ ಜಾರಿಯಾಗುತ್ತದೆ ಎಂಬ ಬಗ್ಗೆಯೂ ಭೇದಗಳಿವೆ. ವಾಲಿಯ ಮುಖ ಕಂಡರೆ ಸಾಕು ಎನ್ನುವವರಿದ್ದಾರೆ. ಯುದ್ಧಕ್ಕೆಂದು ಎದುರು ನಿಂತರೆ ಮಾತ್ರ ಎನ್ನುವವರಿದ್ದಾರೆ. ಮೊದಲನೆಯದನ್ನು ಒಪ್ಪಿದರೆ ಮರೆಯಿಂದ ಇಣುಕಿ ಗುರಿಯಿಡುವ ರಾಮನಿಗೂ ಅಪಾಯವಿದೆ. ಎರಡನೆಯದನ್ನು ಒಪ್ಪಿದರೆ ಇಲ್ಲ. ನೋಡುವುದು, ಗುರಿಯಿಡುವುದು, ಎದುರಾಗುವುದು ಇವು ಮೂರು ಬೇರೆ ಬೇರೆ ಕ್ರಿಯೆಗಳೆಂಬ ವಿವೇಚನೆ ಇಲ್ಲಿದೆ. ಆಟದ ನಿಯಮಗ್ರಂಥಗಳು ಪುಟಗಟ್ಟಲೆ ವಿವರಿಸುವುದು ಇಂಥ ವಿವೇಚನೆಯನ್ನೇ.

ಗುರಿಯ ಮಾತು ಬಂದುದರಿಂದ ಗಜಪುಷ್ಪಿಯನ್ನೂ ನೆನೆಯಬೇಕು. ಏಳು ಸಾಲವೃಕ್ಷಗಳನ್ನು ಒಂದೇ ಬಾಣದಿಂದ ಭೇದಿಸಿ ಬಲವನ್ನು ಸಿದ್ಧಪಡಿಸಿದ ರಾಮನು ಮೊದಲ ಸುತ್ತಿನಲ್ಲಿ ಬಾಣ ಬಿಡಲಿಲ್ಲ. ಅಣ್ಣತಮ್ಮಂದಿರು ಒಂದೇ ರೂಪ. ಯಾರಿಗೆ ತಾಗೀತೋ ತಿಳಿಯದು. ಎರಡನೆಯ ಸುತ್ತಿಗೆ ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಬಿತ್ತು. ಅಮೋಘವಾದ ಬಾಣವನ್ನು ಒಂದು ಸುತ್ತಿನ ಮಟ್ಟಿಗೆ ತಡೆದದ್ದು ವರವೂ ಅಲ್ಲ, ಕವಚವೂ ಅಲ್ಲ, ಒಡಹುಟ್ಟಿದವರ ಹೋಲಿಕೆ.

ಇನ್ನು ಹನುಮಂತ. ರಕ್ಷಣೆ ಮತ್ತು ಮಂತ್ರದ ಸಂಬಂಧವನ್ನು ಒಂದೇ ದೃಶ್ಯದಲ್ಲಿ ನೋಡಬೇಕೆನ್ನುವವರು ಸುಂದರಕಾಂಡದಲ್ಲಿ ಇಂದ್ರಜಿತು ಅವನನ್ನು ಕಟ್ಟುವ ಪ್ರಸಂಗವನ್ನು ನಿಧಾನವಾಗಿ ಓದಬೇಕು. ಇಂದ್ರಜಿತುವಿನ ಬಾಣಗಳು ಮೊದಲು ತಾಗುವುದೇ ಇಲ್ಲ. ಹನುಮಂತ ಅವುಗಳ ನಡುವೆ ಹಾರಾಡುತ್ತಾನೆ. ಇದು ಕೇವಲ ಚುರುಕಿನ ರಕ್ಷಣೆ. ಇವನು ಕೊಲ್ಲಲಾಗದವನು ಎಂದು ಅರಿತ ಇಂದ್ರಜಿತು ಆಗ ಕೊಲ್ಲುವ ಯೋಚನೆಯನ್ನೇ ಬಿಟ್ಟು, ಕಟ್ಟುವುದಕ್ಕಾಗಿ ಬ್ರಹ್ಮಾಸ್ತ್ರವನ್ನು ಹೂಡುತ್ತಾನೆ. ಅವಧ್ಯತ್ವವು ವಧೆಗೆ ಮಾತ್ರ ಅಡ್ಡಿ, ಬಂಧನಕ್ಕೆ ಅಲ್ಲ. ಅಸ್ತ್ರವಿದ್ಯೆಯ ನಿಜವಾದ ಪಾಂಡಿತ್ಯ ಇದು: ಎದುರಾಳಿಯ ರಕ್ಷಣೆಯನ್ನು ಮುರಿಯುವುದಲ್ಲ, ಅದು ಆವರಿಸದ ಕಡೆಯಿಂದ ಹೋಗುವುದು. ಹನುಮಂತನಿಗೆ ಬ್ರಹ್ಮನ ವರವಿರುವುದರಿಂದ ಆ ಬಂಧನದಿಂದ ಅವನು ಬಿಡಿಸಿಕೊಳ್ಳಬಲ್ಲ. ಆದರೂ ಅಸ್ತ್ರಕ್ಕೆ ಗೌರವ ಸಲ್ಲಿಸಿ, ರಾವಣನನ್ನು ಕಾಣುವ ಲಾಭವನ್ನೂ ಲೆಕ್ಕ ಹಾಕಿ, ಕಟ್ಟಿಸಿಕೊಂಡು ಬಿದ್ದಿರುತ್ತಾನೆ. ಇರುವ ರಕ್ಷಣೆಯನ್ನು ಬಳಸದಿರುವ ಹಕ್ಕೂ ರಕ್ಷಿತನಿಗಿದೆ. ಮೇಲೆ ಹೇಳಿದ 2014ರ ರಾಕ್ಷಸನ 'ಒಪ್ಪದ ಹೊರತು' ಎಂಬ ಮಾತಿನ ತಿರುಳೂ ಇದೇ.

ಮುಂದಿನದು ಸ್ವಾರಸ್ಯಕರ. ಬಿದ್ದ ಕಪಿಯನ್ನು ಕಂಡ ಸಾಮಾನ್ಯ ರಾಕ್ಷಸರು ಓಡಿಬಂದು ಸೆಣಬಿನ ಹಗ್ಗ ಮತ್ತು ನಾರುಗಳಿಂದ ಬಿಗಿಯುತ್ತಾರೆ. ಆ ಕ್ಷಣವೇ ಬ್ರಹ್ಮಾಸ್ತ್ರ ಬಿಟ್ಟುಹೋಗುತ್ತದೆ. ಅಸ್ತ್ರಬಂಧವು ಮತ್ತೊಂದು ಬಂಧದ ಜೊತೆಗೆ ನಿಲ್ಲುವುದಿಲ್ಲ ಎಂಬುದು ನಿಯಮ. ಬ್ರಹ್ಮನ ಮಂತ್ರವನ್ನು ಹೊರದೂಡಿದ್ದು ಅದಕ್ಕಿಂತ ದೊಡ್ಡ ಮಂತ್ರವಲ್ಲ, ದನ ಕಟ್ಟುವಂಥ ಹಗ್ಗ. ಇಂದ್ರಜಿತುವಿಗೆ ಮಾತ್ರ ಇದು ತಿಳಿಯುತ್ತದೆ, ತಿಳಿದು ಬೆಚ್ಚುತ್ತಾನೆ. ಈ ಅಸ್ತ್ರ ವಿಫಲವಾದ ಮೇಲೆ ಮತ್ತೊಂದು ನಡೆಯದು, ನಾವೆಲ್ಲ ಸಂಕಟದಲ್ಲಿದ್ದೇವೆ ಎಂದುಕೊಳ್ಳುತ್ತಾನೆ. ಇಡೀ ಲಂಕೆ ಕಪಿಯನ್ನು ಎಳೆದಾಡಿ ಕೇಕೆ ಹಾಕುತ್ತಿದ್ದಾಗ ನಿಯಮ ಬಲ್ಲ ಇಬ್ಬರಿಗೆ ಮಾತ್ರ, ಕಟ್ಟಿದವನಿಗೂ ಕಟ್ಟಿಸಿಕೊಂಡವನಿಗೂ, ಕಟ್ಟು ಕಳಚಿದೆಯೆಂದು ಗೊತ್ತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಪಾಠದಲ್ಲಿ ಏಕಾಗ್ರತೆ ಬೇಡುವ ಒಂದು ಮಂತ್ರವನ್ನು ನಡೆಸುತ್ತಿರುವವನು ಅಂಥದೇ ಇನ್ನೊಂದನ್ನು ಹೂಡಿದರೆ ಮೊದಲನೆಯದು ಬಿಟ್ಟುಹೋಗುತ್ತದೆ. ಹೋಲಿಕೆ ಹತ್ತಿರದ್ದೇ. ಆದರೆ ಅಲ್ಲಿ ಎರಡೂ ಮಂತ್ರಗಳು, ಹೂಡುವವನೂ ಒಬ್ಬನೇ. ತಿಳಿಯದವರ ಬರಿಯ ಹಗ್ಗದಿಂದ ಮಹಾಮಂತ್ರ ಕಳಚುವ ವ್ಯಂಗ್ಯ ಅಲ್ಲಿಲ್ಲ.

ಮೈರಾವಣನ ಕಥೆಯಲ್ಲಿ ಇದೇ ಹನುಮಂತ ಕಟ್ಟಿಸಿಕೊಳ್ಳುವವನಲ್ಲ, ಕಾಯುವವನು. ಯಕ್ಷಗಾನದಲ್ಲಿಯೂ ಜನಪದ ಕಥನಗಳಲ್ಲಿಯೂ ಹಬ್ಬಿರುವ ಈ ಕಥೆಯ ಹಲವು ಪಾಠಗಳಲ್ಲಿ ಅವನು ರಾಮಲಕ್ಷ್ಮಣರ ಸುತ್ತ ಬಾಲವನ್ನೇ ಕೋಟೆಯಾಗಿ ಸುತ್ತಿ ಕೂರುತ್ತಾನೆ. ಮೈರಾವಣ ಆ ಕೋಟೆಯನ್ನು ಒಡೆಯುವುದಿಲ್ಲ. ವಿಭೀಷಣನ ರೂಪದಲ್ಲಿ ಬಂದು ಒಳಗೆ ಬಿಡಿಸಿಕೊಳ್ಳುತ್ತಾನೆ. ಆಪ್ತರನ್ನು ಬಿಡಬೇಕಾದ ಬೇಲಿಗೆ ಆಪ್ತನ ಮುಖವೇ ಬಾಗಿಲು. ಅಮೆರಿಕದ ಕಿರುತೆರೆಯ ರಾಕ್ಷಸನಿಗೂ ನಮ್ಮ ಮೈರಾವಣನಿಗೂ ಸಂಪರ್ಕವಿತ್ತೆಂದು ನಾನು ಹೇಳುತ್ತಿಲ್ಲ. ಇಬ್ಬರೂ ಒಂದೇ ಬೀಗಕ್ಕೆ ಒಂದೇ ಕೀಲಿಯನ್ನು ಬಳಸಿದರು ಎಂದಷ್ಟೇ.

ಭಾರತದ ಕಥೆಯಿಂದ ಎರಡು ಉದಾಹರಣೆ ಸಾಕು. ಅಶ್ವತ್ಥಾಮನ ನಾರಾಯಣಾಸ್ತ್ರವು ಎದುರಿಸಿದಷ್ಟೂ ಬೆಳೆಯುವಂಥದು; ಆಯುಧ ಕೆಳಗಿಟ್ಟು ರಥ ಇಳಿಯುವುದೇ ಅದಕ್ಕಿರುವ ರಕ್ಷಣೆ. ಭೀಮನಿಗೆ ಅದು ಒಗ್ಗದೆ, ಅಸ್ತ್ರವೆಲ್ಲ ಅವನೊಬ್ಬನ ಮೇಲೆ ಎರಗಿದಾಗ ಕೃಷ್ಣಾರ್ಜುನರು ಅವನನ್ನು ರಥದಿಂದ ಎಳೆದು ಹಾಕಬೇಕಾಯಿತು. ರನ್ನನ 'ಗದಾಯುದ್ಧ'ದಲ್ಲಿ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಯಾವ ಪ್ರತಿಮಂತ್ರವೂ ಹೊರತರಲಿಲ್ಲ. ಭೀಮನ ಗರ್ಜನೆ ತಂದಿತು. ಮಂತ್ರವು ಅವನನ್ನು ನೀರಿನಿಂದ ಕಾಪಾಡಿತ್ತು, ಅಭಿಮಾನದಿಂದ ಕಾಪಾಡಿರಲಿಲ್ಲ.

ಆಟ ಮತ್ತು ಕಥನಗಳ ನಡುವಿನ ಮುಖ್ಯ ಅಂತರ ಈಗ ಸ್ಪಷ್ಟವಾಗುತ್ತದೆ. ಆಟದಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಅಂಕ ಮತ್ತು ದಾಳ ತೀರ್ಮಾನಿಸುತ್ತವೆ. ನಮ್ಮ ಕಥನಗಳಲ್ಲಿ ದೊಡ್ಡ ಅಂಕ ಚಿಕ್ಕ ಅಂಕವನ್ನು ಸೋಲಿಸುವುದು ಅಪರೂಪ. ವರದ ಮಾತನ್ನು ಯಾರು ಸರಿಯಾಗಿ ಓದಿದರು ಎಂಬುದರ ಮೇಲೆ ಸೋಲುಗೆಲುವು ನಿಂತಿದೆ. ಹಾಗಿದ್ದರೂ, ಗ್ರಂಥದಲ್ಲಿ ಉತ್ತರವಿಲ್ಲದ ಸಂದರ್ಭ ಬಂದಾಗ ಆಟದ ಮೇಜಿನಲ್ಲಿಯೂ ಡಂಜನ್ ಮಾಸ್ಟರ್ ಆಟವನ್ನು ನಿಲ್ಲಿಸಿ ನಿರ್ಣಯ ಹೇಳಬೇಕು, ಆಟಗಾರರು ವಾದಿಸುತ್ತಾರೆ. ಕಥೆಗಾರನ ಮುಂದೆ ಕುಳಿತವರು ಪ್ರಶ್ನೆ ಎತ್ತುವುದೂ ಅವನು ಅಲ್ಲಿಯೇ ಸಮರ್ಥಿಸಿಕೊಳ್ಳುವುದೂ ಇದರದೇ ಇನ್ನೊಂದು ರೂಪ. ವ್ಯತ್ಯಾಸವೆಂದರೆ, ಅಲ್ಲಿನ ನಿರ್ಣಯಗಳು ಮುಂದಿನ ಆವೃತ್ತಿಯಲ್ಲಿ ಅಚ್ಚಾಗಬಲ್ಲವು. 1977, 2003, 2014ರ ರಾಕ್ಷಸರನ್ನು ಪಕ್ಕಪಕ್ಕದಲ್ಲಿಟ್ಟು ನಾನು ಹೋಲಿಸಲು ಸಾಧ್ಯವಾದದ್ದು ಹಾಗೆ.

ನಮ್ಮಲ್ಲಿ ಆ ನಿರ್ಣಯಗಳು ಕಲಾವಿದರ ನೆನಪಿನಲ್ಲಿವೆ. ಕೊಪ್ಪಳದ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಗೊಂಬೆಗಳನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು, ಪ್ರಸಂಗದ ಪಠ್ಯವನ್ನು ಅಚ್ಚು ಹಾಕಬಹುದು. ಆದರೆ 'ಹಂಗಾದ್ರ ಅವನಿಗೆ ಯಾಕ ತಾಗಲಿಲ್ಲ?' ಎಂದು ಕೇಳಿದಾಗ ಬರುವ ಉತ್ತರ ಪಠ್ಯದೊಳಗೆ ಇರುವುದಿಲ್ಲ. ಸಂಪಾದಿತ ಸಂಕಲನಗಳಲ್ಲಿ ನಾವು ಕಥೆಯನ್ನು ಉಳಿಸಿ, ನಡುವೆ ಬಂದ ಪ್ರಶ್ನೋತ್ತರವನ್ನು ಅಡಚಣೆಯೆಂದು ತೆಗೆದುಹಾಕಿದ್ದೇವೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಹನುಮನಹಳ್ಳಿಯ ಆ ಹಿರಿಯರು ವಾಲಿಯ ವರದ ಮಾತು ಆಡಿದ ಮೇಲೆ ಕಟ್ಟೆಯ ಮೇಲಿದ್ದ ನಾಲ್ಕಾರು ಮಂದಿ ವಾದಕ್ಕಿಳಿದರು. ಮುಖ ಕಂಡರೆ ಸಾಕೋ, ಎದುರು ನಿಲ್ಲಬೇಕೋ ಎಂಬ ಭೇದವನ್ನು ನಾನು ಮೊದಲು ಕೇಳಿದ್ದು ಅಲ್ಲಿ. ಕಥೆ ಮುಗಿಯಿತೆಂದು, ಕ್ಯಾಸೆಟ್ ಉಳಿಸುವ ಆಸೆಯಿಂದ ನಾನು ಧ್ವನಿಮುದ್ರಣ ನಿಲ್ಲಿಸಿದ್ದೆ. ವಾದ ಒಂದು ಗಂಟೆಯಾದರೂ ನಡೆದಿರಬೇಕು. ಆ ದಿನದ ಟಿಪ್ಪಣಿ ಪುಸ್ತಕದಲ್ಲಿ ಅದರದು ಒಂದೂವರೆ ಸಾಲು ಮಾತ್ರ ಇದೆ: ಒಬ್ಬನು, ಲಕ್ಷ್ಮಣನೂ ಅಲ್ಲೇ ನಿಂತಿದ್ದನಲ್ಲ, ಅವನ ಬಲದಲ್ಲಿ ಅರ್ಧ ಹೋಯಿತೇ ಎಂದು ಕೇಳಿದ, ಅದಕ್ಕೆ ಹಿರಿಯರು ನಕ್ಕು ಏನೋ ಹೇಳಿದರು.